ಕಾಯಿಲೆ ಬಿದ್ದ ಬೀದಿ ನಾಯಿ: ಮೊದಲು ಏನು ಮಾಡಬೇಕು?

ಕೋಣನಕುಂಟೆ ಕ್ರಾಸ್ ಮೆಟ್ರೋ ನಿಲ್ದಾಣದಿಂದ ನಮ್ಮ ಮನೆಗೆ ಹೋಗುವ ಗಲ್ಲಿಯಲ್ಲಿ ಒಂದು ಲಗೇಜ್ ಆಟೋ ಯಾವಾಗಲೂ ನಿಂತಿರುತ್ತದೆ. ಕಳೆದ ಮಳೆಗಾಲದಲ್ಲಿ ಅದರ ಕೆಳಗೆ ಒಂದು ಹೆಣ್ಣು ನಾಯಿ ಮಲಗಿತ್ತು. ಮೈಮೇಲೆ ಅರ್ಧಕ್ಕರ್ಧ ಕೂದಲಿಲ್ಲ. ಕೆರೆದು ಕೆರೆದು ಕಿವಿಯ ಅಂಚಿನಲ್ಲಿ ರಕ್ತ. ಜನ ಮೂಗು ಮುಚ್ಚಿಕೊಂಡು ಹೋಗುತ್ತಿದ್ದರು. ನಾನೂ ಎರಡು ದಿನ ಹಾಗೆಯೇ ಹೋದೆ.

ಮೂರನೆಯ ದಿನ ಮೊಸರನ್ನ ತಂದು ಕೈಯಲ್ಲೇ ಹಿಡಿದು ಕೊಟ್ಟೆ. ಹಸಿವಿನಲ್ಲಿ ಅದು ಬಾಯಿ ಹಾಕಿದಾಗ ಹಲ್ಲು ನನ್ನ ಬೆರಳನ್ನು ಗೀರಿತು. ರಕ್ತ ಬರಲಿಲ್ಲ. ಅಮ್ಮಿ ಬೈಯುತ್ತಾರೆಂದು ಹೆದರಿ, ನಲ್ಲಿಯ ಕೆಳಗೆ ಒಮ್ಮೆ ಬೆರಳು ಹಿಡಿದು ಸುಮ್ಮನಾದೆ. ಈ ಲೇಖನ ಬರೆಯಲು ಆ ತಪ್ಪೇ ಕಾರಣ.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫಜರ್ ನಮಾಜ್ ಮುಗಿಸಿದ ದಾದಿಗೆ ಬೆರಳು ತೋರಿಸಿದೆ. ಅವರು ಬೈಯಲಿಲ್ಲ, ಅಬ್ಬಾನನ್ನು ಎಬ್ಬಿಸಿದರು. ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ತೊಳೆದೆ?" ನನ್ನ ಬಳಿ ಉತ್ತರ ಇರಲಿಲ್ಲ.

ನಾಯಿ ಕಚ್ಚಿದರೆ ಅಥವಾ ಗೀರಿದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಸ್ಸಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆಯುತ್ತದೆ. ಸುಣ್ಣ, ಖಾರದ ಪುಡಿ ಹಚ್ಚಬಾರದು. ಗಾಯದಲ್ಲಿ ಉಳಿದ ವೈರಸ್ ನರಗಳ ಮೂಲಕ ಮಿದುಳಿನ ಕಡೆ ಸಾಗುತ್ತದೆ. ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಲಸಿಕೆ ಅದಕ್ಕಿಂತ ಮೊದಲೇ ಬೀಳಬೇಕು. ನನಗೆ ಚರ್ಮದೊಳಗೆ ಕೊಡುವ ಲಸಿಕೆ ಹಾಕಿದರು: 0, 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯಕ್ಕೇ ಇಮ್ಯುನೊಗ್ಲಾಬುಲಿನ್ ಕೂಡ ಬೇಕಾಗುತ್ತಿತ್ತು. ಅಕೌಂಟೆನ್ಸಿಯಲ್ಲಿ ಹುಂಡಿಗೆ ಮೂರು ದಿನ ಗ್ರೇಸ್ ಇದೆ ಎಂದು ಓದಿದ್ದೇವೆ. ಇಲ್ಲಿ ಒಂದು ದಿನವೂ ಇಲ್ಲ.

ನಾಯಿಯನ್ನೂ ಬಿಡುವಂತಿರಲಿಲ್ಲ. ಗೀರಿದ ನಾಯಿಯನ್ನು 10 ದಿನ ನೋಡುತ್ತಿರಬೇಕು. ಅಷ್ಟು ದಿನ ಅದರಲ್ಲಿ ರೇಬೀಸ್ ಲಕ್ಷಣ ಕಾಣದಿದ್ದರೆ, ಗೀರಿದ ದಿನ ಅದರ ಜೊಲ್ಲಿನಲ್ಲಿ ಆ ವೈರಸ್ ಇರಲಿಲ್ಲ ಎಂದರ್ಥ. ಆದರೆ ಎಲ್ಲಿ ಇಟ್ಟುಕೊಳ್ಳುವುದು? ನಾಯಿಯಿರುವ ಮನೆಗೆ ಫರಿಶ್ತೆಗಳು ಬರುವುದಿಲ್ಲ ಎಂದು ಅಮ್ಮಿ. ಬಾಯಾರಿದ ನಾಯಿಗಾಗಿ ಬಾವಿಗಿಳಿದು ಮೋಜದಲ್ಲಿ ನೀರು ತುಂಬಿ ತಂದವನನ್ನು ಅಲ್ಲಾಹ್ ಕ್ಷಮಿಸಿದ ಹದೀಸ್ ಹೇಳಿದ್ದು ದಾದಿ. ಕೊನೆಗೆ ಗೇಟಿನ ಒಳಗೆ, ಹೊರ ಮೆಟ್ಟಿಲಿನ ಕೆಳಗೆ ಜಾಗವಾಯಿತು. ಅದಕ್ಕೇ ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ, ಒಮ್ಮೆ ಮಣ್ಣು ಹಚ್ಚಿ ತೊಳೆಯಬೇಕೆಂದು ಮಕ್ತಬ್‌ನಲ್ಲಿ ಕಲಿತದ್ದು ನೆನಪಾಯಿತು. ತೊಳೆಯುವ ವಿಷಯದಲ್ಲಿ ದಾದಿ ಆ ಡಾಕ್ಟರ್‌ಗಿಂತ ಕಟ್ಟುನಿಟ್ಟು.

ಪಕ್ಕದ ಮನೆಯವರು ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಸುರಿಯಲು ಹೇಳಿದರು. ಇದನ್ನು ಯಾರೂ ಮಾಡಬೇಡಿ. ನಾಯಿ ಮೈ ನೆಕ್ಕುತ್ತದೆ, ಆ ವಿಷ ಹೊಟ್ಟೆಗೆ ಹೋಗುತ್ತದೆ. ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕಣ್ಣಿಗೆ ಕಾಣದ ನುಸಿಯಿಂದ ಬರುವ ಕಜ್ಜಿ ಎಂದರು. ತೂಕ ನೋಡಿ ಔಷಧಿ ಕೊಟ್ಟರು. ಈ ಕಜ್ಜಿ ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ತರಬಹುದು, ಹಾಗಾಗಿ ಕೈಗೆ ಗ್ಲೌಸ್. ನಿಮಗೆ ಮನೆಯಲ್ಲಿ ಜಾಗವಿಲ್ಲದಿದ್ದರೆ ಕ್ಯೂಪಾದಂಥ ಸಂಸ್ಥೆಗಳಿವೆ. ಅದು 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದೆ. ಜೊಲ್ಲು ಸುರಿಸುತ್ತ, ನುಂಗಲಾರದೆ, ತೂರಾಡುವ ನಾಯಿ ಕಂಡರೆ ಮಾತ್ರ ಹತ್ತಿರ ಹೋಗಲೇಬೇಡಿ, ದೊಡ್ಡವರಿಗೆ ತಿಳಿಸಿ.

ಆರು ವಾರದಲ್ಲಿ ಹೊಸ ಕೂದಲು ಬಂತು, ಕಂದು ಬಣ್ಣ. ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಎರಡೂ ಆದವು. 2023ರ ಬಿಬಿಎಂಪಿ ಗಣತಿಯ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. ಚಿಕಿತ್ಸೆಯಾದ ಬೀದಿ ನಾಯಿಯನ್ನು ಅದು ಇದ್ದ ಜಾಗಕ್ಕೇ ಬಿಡಬೇಕೆಂದು ಅದೇ ವರ್ಷದ ಕೇಂದ್ರದ ನಿಯಮ ಹೇಳುತ್ತದೆ. ನಮ್ಮದೂ ಈಗ ಕಿವಿಯಲ್ಲಿ ಗುರುತಿನ ಕತ್ತರಿ ಹಾಕಿಸಿಕೊಂಡು ಆಟೋ ಕೆಳಗೆ ಮರಳಿದೆ. ಊಟಕ್ಕೆ ಮಾತ್ರ ನಮ್ಮ ಗೇಟಿಗೆ ಬರುತ್ತದೆ. ತಟ್ಟೆ ಇಡುವುದು ಅಮ್ಮಿ.

ನನ್ನ 28ನೇ ದಿನದ ಲಸಿಕೆ ಟೆಸ್ಟ್ ದಿನವೇ ಬಂತು. ಪೇಪರ್ ಬೇಗ ಕೊಟ್ಟು ಹೋದೆ, ಕೊನೆಯ ಲೆಕ್ಕ ಟ್ಯಾಲಿ ಆಗಿರಲಿಲ್ಲ.