ಕರುಳುಬಾಲದ ಬಾವು: ಹೊತ್ತು ಮೀರುವ ಮುನ್ನ

ಶರಣಧರ್ಮದಲ್ಲಿ ಕಾಯವು ತಿರಸ್ಕಾರಕ್ಕೆ ಪಾತ್ರವಾದುದಲ್ಲ. ಕಾಯಕಕ್ಕೂ ಲಿಂಗಪೂಜೆಗೂ ದಾಸೋಹಕ್ಕೂ ಅದೇ ಸಾಧನ. ಆದುದರಿಂದ ಕಾಯದ ರಚನೆಯನ್ನೂ ಅದಕ್ಕೆ ಒದಗುವ ಅಪಾಯಗಳನ್ನೂ ಅರಿತಿರುವುದು ಸದ್ಭಕ್ತರಿಗೆ ಉಚಿತ. ಜನರು ‘ಅಪೆಂಡಿಕ್ಸ್’ ಎಂದೇ ಕರೆಯುವ ಕರುಳುಬಾಲದ ವಿಚಾರವನ್ನು ಈ ಸಂಚಿಕೆಯಲ್ಲಿ ತಿಳಿಯೋಣ.

ರಚನೆ ಮತ್ತು ಸ್ಥಾನ

ಸಣ್ಣಕರುಳು ದೊಡ್ಡಕರುಳನ್ನು ಸೇರುವ ಎಡೆಯು ಹೊಟ್ಟೆಯ ಬಲಗಡೆ ಕೆಳಭಾಗದಲ್ಲಿದೆ. ಅಲ್ಲಿ ದೊಡ್ಡಕರುಳಿನ ಮೊದಲ ಭಾಗವು ಚೀಲದಂತಿದ್ದು, ಅದಕ್ಕೆ ಎರೆಹುಳುವಿನ ಆಕಾರದ ಕಿರುನಾಳವೊಂದು ಅಂಟಿಕೊಂಡಿರುತ್ತದೆ. ಇದೇ ಕರುಳುಬಾಲ. ಉದ್ದ ಸಾಮಾನ್ಯವಾಗಿ 6ರಿಂದ 10 ಸೆಂಟಿಮೀಟರ್. ಒಂದು ತುದಿ ಮುಚ್ಚಿದ್ದು, ಇನ್ನೊಂದು ಕರುಳಿಗೆ ತೆರೆದುಕೊಂಡಿರುತ್ತದೆ. ಮುಚ್ಚಿದ ತುದಿಯು ಕೆಲವರಲ್ಲಿ ಕರುಳಿನ ಹಿಂದೆಯೂ ಕೆಲವರಲ್ಲಿ ಕಿಬ್ಬೊಟ್ಟೆಯ ಕಡೆಗೂ ಚಾಚಿರುತ್ತದೆ. ನೋವಿನ ಸ್ಥಳವು ಎಲ್ಲರಲ್ಲಿಯೂ ಒಂದೇ ಆಗಿರದಿರುವುದಕ್ಕೆ ಇದೂ ಒಂದು ಕಾರಣ.

1871ರಲ್ಲಿ ಡಾರ್ವಿನ್ ಇದನ್ನು ಉಪಯೋಗವಿಲ್ಲದ ಅವಶೇಷವೆಂದು ಬಗೆದನು. ಆದರೆ ಇದರ ಗೋಡೆಯಲ್ಲಿ ರೋಗನಿರೋಧಕ್ಕೆ ನೆರವಾಗುವ ಅಂಗಾಂಶವಿರುವುದು ಈಗ ತಿಳಿದಿದೆ. ಹಾಗಿದ್ದರೂ ಇದನ್ನು ತೆಗೆದುಹಾಕಿದವರು ಆರೋಗ್ಯದಿಂದ ಬಾಳಬಲ್ಲರು.

ಬಾವು ಬರುವ ಬಗೆ

ಸೀಬೆ, ಕಿತ್ತಳೆಗಳ ಬೀಜ ನುಂಗಿದರೆ ಅಪೆಂಡಿಕ್ಸ್ ಆಗುವುದೆಂಬ ನಂಬಿಕೆ ಬಳಕೆಯಲ್ಲಿದೆ. ಬೀಜದಿಂದ ಹಾಗಾಗುವುದು ತೀರ ವಿರಳ. ಗಟ್ಟಿಯಾದ ಮಲದ ಹರಳು ಅಥವಾ ಒಳಗಿನ ಅಂಗಾಂಶದ ಊತವು ನಾಳದ ಬಾಯನ್ನು ಮುಚ್ಚಿದಾಗ ಒಳಗೆ ದ್ರವ ಸೇರಿ ಒತ್ತಡ ಏರುತ್ತದೆ, ಸೂಕ್ಷ್ಮಾಣುಗಳು ಬೆಳೆಯುತ್ತವೆ, ರಕ್ತಸಂಚಾರ ಕುಂದುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಒಂದೆರಡು ದಿನಗಳಲ್ಲಿಯೇ ಅದು ಒಡೆಯಬಹುದು. ಆಗ ಕೀವು ಹೊಟ್ಟೆಯೊಳಗೆಲ್ಲ ಹರಡಿ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಲಕ್ಷಣಗಳು

ಮೊದಲು ಹೊಕ್ಕುಳಿನ ಸುತ್ತ ಮಂದವಾದ ನೋವು. ಅದರೊಡನೆ ಹಸಿವಿಲ್ಲದಿರುವುದು, ಓಕರಿಕೆ, ವಾಂತಿ. ಕೆಲವು ಗಂಟೆಗಳ ಬಳಿಕ ನೋವು ಬಲಗಡೆಯ ಕೆಳಹೊಟ್ಟೆಗೆ ಇಳಿದು ಅಲ್ಲಿಯೇ ನೆಲೆಸುತ್ತದೆ. ಕೆಮ್ಮಿದರೆ, ನಡೆದರೆ ಹೆಚ್ಚುತ್ತದೆ. ಸಣ್ಣ ಜ್ವರವೂ ಬರಬಹುದು. ಮಕ್ಕಳು, ವೃದ್ಧರು ಮತ್ತು ಗರ್ಭಿಣಿಯರಲ್ಲಿ ಈ ಕ್ರಮವು ಸ್ಪಷ್ಟವಾಗಿ ತೋರದಿರಬಹುದು.

ಒಂದು ಮಾತನ್ನು ವಿಶೇಷವಾಗಿ ನೆನಪಿಡಬೇಕು. ತೀವ್ರವಾಗಿದ್ದ ನೋವು ಒಮ್ಮೆಲೇ ಇಳಿದರೆ ಗುಣವಾಯಿತೆಂದು ಭಾವಿಸಬಾರದು. ಕರುಳುಬಾಲ ಒಡೆದಾಗಲೂ ಸ್ವಲ್ಪ ಹೊತ್ತು ಹಾಗೆ ಹಿತವೆನಿಸಿ, ಅನಂತರ ನೋವು ಹೊಟ್ಟೆಗೆಲ್ಲ ವ್ಯಾಪಿಸುತ್ತದೆ.

ಮಾಡಬಾರದ ಕೆಲಸಗಳು

ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು, ಎನಿಮಾ ಕೊಡುವುದು, ಹೊಟ್ಟೆಯನ್ನು ನೀವುವುದು, ಶಾಖ ಕೊಡುವುದು ಸಲ್ಲದು. ನೋವಿನ ಮಾತ್ರೆಗಳನ್ನು ನುಂಗಿಸುತ್ತ ದಿನ ದೂಡುವುದೂ ಅಪಾಯಕಾರಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ವೈದ್ಯರು ನೋಡುವವರೆಗೆ ಅನ್ನಪಾನಗಳನ್ನು ಕೊಡದಿರುವುದು ಒಳಿತು.

ನಮ್ಮ ಜಿಲ್ಲೆಯ ಪರಿಸ್ಥಿತಿ

ಕೊಡಗಿನಲ್ಲಿ ಮನೆಗಳು ತೋಟಗಳ ನಡುವೆ ದೂರದೂರವಾಗಿವೆ. ಕಾಫಿ ಕೊಯ್ಲಿನ ದಿನಗಳಲ್ಲಿ ‘ಈ ವಾರ ಕಳೆಯಲಿ’ ಎಂದು ನೋವನ್ನು ನುಂಗುವವರುಂಟು. ಮಳೆಗಾಲದಲ್ಲಿ ಮರ ಉರುಳಿ, ಬರೆ ಕುಸಿದು ದಾರಿ ಕಟ್ಟುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಸಂಚಾರ ನಿಂತುಹೋದುದನ್ನು ನಾವೆಲ್ಲ ಕಂಡಿದ್ದೇವೆ. ಬಯಲುಸೀಮೆಯವರು ಬೆಳಗಾಗಲೆಂದು ಕಾಯಬಹುದಾದ ಸಂದರ್ಭದಲ್ಲಿಯೂ ನಾವು ಹೊತ್ತಿರುವಾಗಲೇ ಹೊರಡಬೇಕು. 108ಕ್ಕೆ ಕರೆಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗಾಗಲಿ, ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗಾಗಲಿ ತಲಪುವುದು ಲೇಸು.

ಚಿಕಿತ್ಸೆ

ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಿ, ರಕ್ತಪರೀಕ್ಷೆ, ಸ್ಕ್ಯಾನಿಂಗ್‌ಗಳ ನೆರವಿನಿಂದ ರೋಗವನ್ನು ನಿರ್ಧರಿಸುತ್ತಾರೆ. ಮೂತ್ರಪಿಂಡದ ಕಲ್ಲು, ಸ್ತ್ರೀಯರಲ್ಲಿ ಅಂಡಾಶಯದ ತೊಂದರೆಗಳೂ ಇಂತಹದೇ ನೋವನ್ನು ತರಬಲ್ಲವು. ಒಡೆಯುವ ಮುನ್ನವೇ ಕರುಳುಬಾಲವನ್ನು ತೆಗೆಯುವುದು ರೂಢಿಯ ಚಿಕಿತ್ಸೆ. ಈಗ ಸಣ್ಣ ರಂಧ್ರಗಳ ಮೂಲಕವೂ ಇದು ಸಾಧ್ಯ. ಕೆಲವರಿಗೆ ಆ್ಯಂಟಿಬಯೋಟಿಕ್ ಔಷಧಿಯಷ್ಟೇ ಸಾಕಾಗಬಹುದು, ಆದರೆ ಬಾವು ಮರುಕಳಿಸುವ ಸಂಭವವಿದೆ. ಯಾವುದು ಯುಕ್ತವೆಂಬುದನ್ನು ಶಸ್ತ್ರವೈದ್ಯರೇ ತೀರ್ಮಾನಿಸಬೇಕು.

ಶಸ್ತ್ರಚಿಕಿತ್ಸೆಯ ವೇಳೆ ಇಷ್ಟಲಿಂಗವನ್ನು ಹೇಗೆ ಇರಿಸಬೇಕೆಂಬ ಸಂದೇಹವುಳ್ಳವರು ಆರೋಗ್ಯದಿಂದಿರುವಾಗಲೇ ಗುರುಗಳಲ್ಲಿ ಕೇಳಿ ತಿಳಿದಿರಲಿ. ನೋವು ಬಂದ ರಾತ್ರಿ ಆ ಹಿಂಜರಿಕೆಯಿಂದ ಒಂದು ಗಂಟೆಯೂ ವ್ಯರ್ಥವಾಗಬಾರದು.