ಆ ಪುಟ್ಟ ಗುಂಡಿಯನ್ನು ಒತ್ತಿ ನೋಡಿ

ಕರಾವಳಿಯ ಸೆಕೆಯಲ್ಲಿ ಬೆವರಿದ ಮೈಗೆ ಶಾಕ್ ಜೋರಾಗಿಯೇ ಹೊಡೆಯುತ್ತದೆ. ಒಣ ಚರ್ಮದಷ್ಟು ತಡೆ ಒದ್ದೆ ಚರ್ಮಕ್ಕಿಲ್ಲ. ಎಂಸಿಬಿ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಅದು ಕಾಯುವುದು ವೈರನ್ನು. ನಿಮ್ಮ ಜೀವ ಕಾಯುವುದು 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟು ಕಡಿಯುವ ಆರ್‌ಸಿಸಿಬಿ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಟಪ್ಪನೆ ಟ್ರಿಪ್ ಆಗಬೇಕು; ಆಗದಿದ್ದರೆ ದಯವಿಟ್ಟು ಅಂದೇ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನೇ ಬೈಪಾಸ್ ಮಾಡಿಸುವವರಿದ್ದಾರೆ. ಖಂಡಿತ ಬೇಡ. ಗೋಡೆಯೊಳಗಿನ ಪೈಪಿಗೆ ನೀರಿಳಿದಿರಬಹುದು, ಗೀಸರ್ ಕಾಯಿಲ್ ಬಿರುಕು ಬಿಟ್ಟಿರಬಹುದು; ಹುಡುಕಿಸಿ. ವಾಷಿಂಗ್ ಮೆಷಿನ್ ಮುಟ್ಟಿದಾಗ ಕೈ ಜುಮ್ಮೆಂದರೆ ಪ್ಲಗ್ ಕಿತ್ತು ಅರ್ತಿಂಗ್ ನೋಡಿಸಿ. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿಗೆ ಆಗಾಗ ನೀರು ಹಾಕಿ, ಒಣಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ.