ಉದ್ಯೋಗಿಯ ಆರೋಗ್ಯ: ಉಪದೇಶದಿಂದೆಷ್ಟು, ಕೆಲಸದಿಂದೆಷ್ಟು?

ದುಡಿದು ಬಾಳುವ ಮನುಷ್ಯನು ಎಚ್ಚರವಿರುವ ಹೊತ್ತಿನ ಬಹುಭಾಗವನ್ನು ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಕಳೆಯುತ್ತಾನೆ. ಆದುದರಿಂದ ಅವನ ಆರೋಗ್ಯದ ಚಿಂತೆಯನ್ನೂ ಅಲ್ಲಿಯೇ ಮಾಡಬೇಕೆಂಬ ವಿಚಾರ ಸಹಜವಾದುದು. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆಯು ಕುಡಿಯುವ ನೀರನ್ನು ಒದಗಿಸಬೇಕೆಂದು ವಿಧಿಸಿತ್ತು. ದೊಡ್ಡ ಕಾರ್ಖಾನೆಗಳಲ್ಲಿ ವಿಶ್ರಾಂತಿ ಕೊಠಡಿ, ಕ್ಯಾಂಟೀನು ಮೊದಲಾದುವೂ, 500 ಮಂದಿ ದುಡಿಯುವ ಕಡೆ ಕ್ಷೇಮಾಧಿಕಾರಿಯೊಬ್ಬರೂ ಇರಬೇಕೆಂದು ಗೊತ್ತುಮಾಡಿತ್ತು. ಈಚಿನ ದಶಕಗಳಲ್ಲಿ ಈ ಕ್ಷೇಮಚಿಂತನೆಯು ಬೇರೊಂದು ರೂಪವನ್ನು ತಾಳಿದೆ. ಅಮೆರಿಕದಲ್ಲಿ ಬಲವಾಗಿ ಬೇರೂರಿ, ಬೆಂಗಳೂರಿನ ಕಚೇರಿಗಳವರೆಗೂ ಬಂದಿರುವ ‘ವೆಲ್‌ನೆಸ್ ಕೋಚ್’ ಎಂಬ ಆರೋಗ್ಯ ಸಲಹೆಗಾರನನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಅವನು ಉದ್ಯೋಗಿಗಳ ತೂಕ, ರಕ್ತದ ಒತ್ತಡ, ರಕ್ತದಲ್ಲಿನ ಸಕ್ಕರೆ ಇವುಗಳನ್ನು ಅಳೆಯಿಸುತ್ತಾನೆ. ಆಹಾರ, ವ್ಯಾಯಾಮ, ನಿದ್ರೆಗಳ ವಿಷಯದಲ್ಲಿ ಪ್ರತಿಯೊಬ್ಬನಿಗೂ ಗುರಿಯನ್ನು ಗೊತ್ತುಮಾಡಿಕೊಡುತ್ತಾನೆ. ಗುರಿ ಮುಟ್ಟಿತೇ ಎಂದು ಆಗಾಗ್ಗೆ ವಿಚಾರಿಸುತ್ತಾನೆ.

ಇಂಥ ಸತ್ಕಾರ್ಯದಲ್ಲಿ ಸಂದೇಹಪಡಲು ಏನಿದೆ ಎಂದು ಕೇಳಬಹುದು. ಆದರೆ ವಿಜ್ಞಾನದಲ್ಲಿ ಉದ್ದೇಶದ ಒಳ್ಳೆಯತನವು ಫಲಕ್ಕೆ ಪ್ರಮಾಣವಾಗಲಾರದು. ಸಲಹೆ ಪಡೆದವರು ನಿಜವಾಗಿಯೂ ಅದರಿಂದಲೇ ಆರೋಗ್ಯವಂತರಾದರೇ? ಇದನ್ನು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಯನ್ನು ಬಿಡಿಸುವುದು ತೋರುವಷ್ಟು ಸುಲಭವಲ್ಲ.

ಲಂಡನ್ನಿನ ಬಸ್ಸುಗಳು

ಮೊದಲು ಒಂದು ಪ್ರಸಿದ್ಧ ಸಂಶೋಧನೆಯನ್ನು ನೋಡೋಣ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳಲ್ಲಿ ಆಗ ಇಬ್ಬರು ನೌಕರರಿರುತ್ತಿದ್ದರು. ಡ್ರೈವರನು ಇಡೀ ದಿನ ಕುಳಿತೇ ಇರುತ್ತಿದ್ದನು. ಕಂಡಕ್ಟರನಾದರೋ ಟಿಕೆಟ್ಟು ಕೊಡಲು ದಿನಕ್ಕೆ 500ಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತುತ್ತಿದ್ದನು. ಸಂಸ್ಥೆ ಒಂದೇ, ಬಸ್ಸು ಒಂದೇ, ಸಂಬಳದಲ್ಲಿಯೂ ಬಹಳ ಅಂತರವಿಲ್ಲ. ಜೆರೆಮಿ ಮಾರಿಸ್ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ಇವರ ಕಾಯಿಲೆಗಳ ದಾಖಲೆಗಳನ್ನು ಪರೀಕ್ಷಿಸಿ, ಕಂಡಕ್ಟರರಿಗೆ ಹೃದಯಾಘಾತವು ಡ್ರೈವರರಿಗಿಂತ ಕಡಿಮೆಯೆಂದು 1953ರಲ್ಲಿ ಪ್ರಕಟಿಸಿದರು. ವ್ಯಾಯಾಮವು ಹೃದಯವನ್ನು ಕಾಯುತ್ತದೆಂಬ ಆಧುನಿಕ ತಿಳಿವಳಿಕೆಗೆ ಇದೇ ಒಂದು ಅಡಿಗಲ್ಲು.

ಆದರೆ ಮಾರಿಸ್ ಅವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ನೌಕರರಿಗೆ ಕೊಟ್ಟ ಸಮವಸ್ತ್ರದ ಷರಾಯಿಗಳ ಅಳತೆಯ ಲೆಕ್ಕವನ್ನು ತೆಗೆಸಿ ನೋಡಿದರು. 1956ರಲ್ಲಿ ಪ್ರಕಟವಾದ ಆ ಲೆಕ್ಕ ಸ್ವಾರಸ್ಯವಾದುದು. ಡ್ರೈವರರ ಸೊಂಟದ ಸುತ್ತಳತೆಯು ಕಂಡಕ್ಟರರದಕ್ಕಿಂತ ಹೆಚ್ಚು; ಎಳೆಯ ವಯಸ್ಸಿನ ಡ್ರೈವರರಲ್ಲಿಯೂ ಹಾಗೆಯೇ! ಅಂದಮೇಲೆ ಇಬ್ಬರಿಗೂ ಇದ್ದ ಅಂತರವೆಲ್ಲವೂ ಮೆಟ್ಟಿಲಿನಿಂದಲೇ ಹುಟ್ಟಿತೆನ್ನುವಂತಿಲ್ಲ. ಸ್ವಲ್ಪ ಸ್ಥೂಲರಾದವರು ಮೊದಲಿನಿಂದಲೇ ಚಾಲಕನ ಪೀಠದತ್ತ ಸರಿದಿರಬಹುದು. ವ್ಯಾಯಾಮದ ಹಿರಿಮೆಯು ಇದರಿಂದ ಸುಳ್ಳಾಗಲಿಲ್ಲ. ಮುಂದಿನ ಅನೇಕ ಸಂಶೋಧನೆಗಳು ಅದನ್ನು ಸಮರ್ಥಿಸಿವೆ. ಆದರೆ ಒಂದು ಎಚ್ಚರಿಕೆಯ ಮಾತು ಇಲ್ಲಿದೆ: ಎರಡು ಗುಂಪುಗಳನ್ನು ಹೋಲಿಸುವ ಮುನ್ನ, ಅವು ಮೊದಲೇ ಬೇರೆ ಬೇರೆಯಾಗಿದ್ದುವೇ ಎಂಬುದನ್ನು ವಿಚಾರಿಸಬೇಕು.

ಚೀಟಿ ಎತ್ತುವ ವಿಧಾನ

ನಮ್ಮ ರೈತನಿಗೆ ಈ ತೊಡಕು ಹೊಸದಲ್ಲ. ಹೊಸ ಗೊಬ್ಬರವನ್ನು ಎರೆಭೂಮಿಗೂ ಹಳೆಯ ಗೊಬ್ಬರವನ್ನು ಕಲ್ಲುನೆಲಕ್ಕೂ ಹಾಕಿ, ಬೆಳೆ ಹೆಚ್ಚಿದುದು ಗೊಬ್ಬರದಿಂದಲೆಂದರೆ ಅವನು ನಗುತ್ತಾನೆ. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್. ಎ. ಫಿಷರ್ ಅವರು 1920ರ ದಶಕದಲ್ಲಿ ಇದಕ್ಕೊಂದು ಪರಿಹಾರವನ್ನು ವ್ಯವಸ್ಥಿತವಾಗಿ ರೂಪಿಸಿದರು. ಯಾವ ತಾಕಿಗೆ ಯಾವ ಗೊಬ್ಬರವೆಂಬುದನ್ನು ಮನುಷ್ಯನ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ಆಕಸ್ಮಿಕಕ್ಕೆ ಒಪ್ಪಿಸಬೇಕು. ಹಾಗೆ ಮಾಡಿದರೆ ನೆಲದ ಒಳ್ಳೆಯ ಕೆಟ್ಟ ಗುಣಗಳು ಎರಡು ಕಡೆಗೂ ಸರಿಸುಮಾರು ಸಮನಾಗಿ ಹಂಚಿಹೋಗುತ್ತವೆ. ಉಳಿಯುವ ವ್ಯತ್ಯಾಸವನ್ನು ಗೊಬ್ಬರದ ಗುಣವೆಂದು ನಂಬಬಹುದು. ಇದೇ ಯಾದೃಚ್ಛಿಕ ಪ್ರಯೋಗ.

ಕಚೇರಿಯ ಆರೋಗ್ಯ ಯೋಜನೆಗಳಿಗೆ ಬಹುಕಾಲ ಇಂಥ ಪರೀಕ್ಷೆ ವಿರಳವಾಗಿತ್ತು. ಸೇರಿದವರನ್ನು ಸೇರದವರೊಡನೆ ಹೋಲಿಸುವುದೇ ಸಾಮಾನ್ಯವಾಗಿದ್ದಿತು. 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಬೈಕರ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ, ಇಂಥ ಯೋಜನೆಗೆ ವೆಚ್ಚಮಾಡಿದ ಪ್ರತಿ 1 ಡಾಲರಿಗೆ ವೈದ್ಯಕೀಯ ಖರ್ಚಿನಲ್ಲಿ 3.27 ಡಾಲರ್ ಉಳಿಯುತ್ತದೆಂದು ಲೆಕ್ಕಹಾಕಿದರು. ಈ ಸಂಖ್ಯೆಯು ಬಹಳ ಕಾಲ ಉದ್ಯಮಿಗಳ ಬಾಯಲ್ಲಿ ಓಡಾಡಿತು.

2016ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸುಮಾರು 5,000 ನೌಕರರನ್ನು ಆಕಸ್ಮಿಕ ಕ್ರಮದಿಂದ ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ತಪಾಸಣೆ, ಆರೋಗ್ಯದ ಪ್ರಶ್ನಾವಳಿ, ತರಗತಿಗಳು, ಹಣದ ಬಹುಮಾನ ಎಲ್ಲವೂ ದೊರೆತವು, ಇನ್ನೊಂದಕ್ಕೆ ಇಲ್ಲ. ಸಂಶೋಧಕರು ಲೆಕ್ಕವನ್ನು ಎರಡು ಬಗೆಯಲ್ಲಿಯೂ ಮಾಡಿದರು. ಯೋಜನೆಯಲ್ಲಿ ಭಾಗವಹಿಸಿದವರನ್ನು ಭಾಗವಹಿಸದವರೊಡನೆ ಹಳೆಯ ರೀತಿಯಲ್ಲಿ ಹೋಲಿಸಿದಾಗ, ಭಾಗವಹಿಸಿದವರೇ ಮೇಲೆಂದು ಕಂಡಿತು. ಆದರೆ ಯೋಜನೆ ಆರಂಭವಾಗುವುದಕ್ಕೆ ಒಂದು ವರ್ಷ ಮೊದಲೇ ಅವರ ವೈದ್ಯಕೀಯ ಖರ್ಚು ಕಡಿಮೆ, ಅಭ್ಯಾಸಗಳು ಉತ್ತಮ! ಚೀಟಿಯ ಪ್ರಕಾರ ಆದ ಎರಡು ಗುಂಪುಗಳನ್ನು ಹೋಲಿಸಿದಾಗಲಾದರೋ, ಎರಡು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ತಪಾಸಣೆ ಮಾಡಿಸಿಕೊಂಡವರ ಸಂಖ್ಯೆ ಹೆಚ್ಚಿದ್ದುದು ನಿಜ. ವೈದ್ಯಕೀಯ ಖರ್ಚಿನಲ್ಲಾಗಲಿ, ಇತರ ಆರೋಗ್ಯಾಭ್ಯಾಸಗಳಲ್ಲಾಗಲಿ, ಕೆಲಸದ ಉತ್ಪನ್ನದಲ್ಲಾಗಲಿ ಗಣನೀಯವಾದ ಅಂತರ ಕಾಣಲಿಲ್ಲ.

ಬೈಕರ್ ಅವರೂ ತಮ್ಮ ಹಿಂದಿನ ಲೆಕ್ಕಕ್ಕೆ ಅಂಟಿಕೊಳ್ಳದೆ ಪ್ರಯೋಗಕ್ಕೆ ಇಳಿದರು. ಜಿರುಯಿ ಸಾಂಗ್ ಅವರೊಡನೆ ಸೇರಿ, ಒಂದು ದೊಡ್ಡ ವ್ಯಾಪಾರ ಸಂಸ್ಥೆಯ 160 ಕೆಲಸದ ನೆಲೆಗಳಲ್ಲಿ 20ನ್ನು ಆಕಸ್ಮಿಕವಾಗಿ ಆರಿಸಿ, ಅಲ್ಲಿ ಆಹಾರತಜ್ಞರ ಮೂಲಕ ಪಾಠಗಳನ್ನು ನಡೆಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, 18 ತಿಂಗಳ ನಂತರ ನಿಯಮಿತವಾಗಿ ವ್ಯಾಯಾಮ ಮಾಡುತ್ತೇವೆಂದವರು ಪಾಠ ನಡೆದ ಕಡೆ ನೂರಕ್ಕೆ 69.8, ಉಳಿದ ಕಡೆ 61.9. ಆದರೆ ರಕ್ತದ ಒತ್ತಡ, ಕೊಲೆಸ್ಟರಾಲ್, ಖರ್ಚು, ಗೈರುಹಾಜರಿ ಇವುಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ತಮ್ಮದೇ ಹಳೆಯ ಎಣಿಕೆಯನ್ನು ತಾವೇ ಒರೆಗೆ ಹಚ್ಚಿದ ಈ ನಡತೆಯು ವಿಜ್ಞಾನಕ್ಕೆ ಭೂಷಣವಾದುದು.

ಹುದ್ದೆಯ ಏಣಿ

ಹಾಗಾದರೆ ಉದ್ಯೋಗಿಯ ಆರೋಗ್ಯವನ್ನು ನಿರ್ಧರಿಸುವುದು ಯಾವುದು? ಮತ್ತೆ ಲಂಡನ್ನಿಗೇ ಹೋಗೋಣ. ಅಲ್ಲಿನ ಸರ್ಕಾರಿ ಕಚೇರಿಗಳಿರುವ ವೈಟ್‌ಹಾಲ್ ಬೀದಿಯ ಹೆಸರಿನಿಂದ ಪ್ರಸಿದ್ಧವಾದ ಅಧ್ಯಯನವು 1967ರಲ್ಲಿ ಆರಂಭವಾಗಿ, ಸುಮಾರು 18,000 ಪುರುಷ ನೌಕರರನ್ನು ಗಮನಿಸಿತು. ಇವರಲ್ಲಿ ಯಾರೂ ನಿರ್ಗತಿಕರಲ್ಲ. ಆದರೂ ಕೆಳಗಿನ ದರ್ಜೆಯ ಜವಾನ, ದ್ವಾರಪಾಲಕ ಮೊದಲಾದವರಲ್ಲಿ ಹೃದ್ರೋಗದಿಂದ ಸತ್ತವರ ಪ್ರಮಾಣವು ಮೇಲಿನ ದರ್ಜೆಯವರದಕ್ಕಿಂತ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಧೂಮಪಾನ, ರಕ್ತದ ಒತ್ತಡ ಮೊದಲಾದುವು ಈ ಅಂತರದ ಒಂದು ಭಾಗವನ್ನು ಮಾತ್ರ ವಿವರಿಸಿದುವು. 1985ರಲ್ಲಿ 10,308 ಸ್ತ್ರೀಪುರುಷರೊಡನೆ ಆರಂಭವಾದ ಎರಡನೆಯ ಅಧ್ಯಯನವು, ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗ ಹೆಚ್ಚೆಂದು ಕಂಡುಕೊಂಡಿತು. ಯಾವ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂಬುದರಲ್ಲಿ ತನ್ನ ಮಾತು ನಡೆಯುವುದೇ ಈ ಹಿಡಿತ.

ಇಲ್ಲಿಯೂ ನಮ್ಮ ಎಚ್ಚರಿಕೆಯನ್ನು ಮರೆಯಬಾರದು. ಜವಾನನಾಗಲಿ ಅಧಿಕಾರಿಯಾಗಲಿ ಚೀಟಿ ಎತ್ತಿ ಆದವರಲ್ಲ. ಬಾಲ್ಯದ ಬಡತನವೂ ವಿದ್ಯೆಯ ಅಂತರವೂ ಈ ಲೆಕ್ಕದಲ್ಲಿ ಬೆರೆತಿರುತ್ತವೆ. ಆದುದರಿಂದ ಕೆಲಸದ ರೀತಿಯನ್ನೇ ಬದಲಿಸಿದ ಒಂದು ಪ್ರಯೋಗವು ಬೆಲೆಯುಳ್ಳದ್ದು. ಅಮೆರಿಕದ ದೊಡ್ಡ ಸಂಸ್ಥೆಯೊಂದರ ಗಣಕ ವಿಭಾಗದಲ್ಲಿ 56 ತಂಡಗಳನ್ನು ಆಕಸ್ಮಿಕವಾಗಿ ವಿಂಗಡಿಸಿ, ಕೆಲವು ತಂಡಗಳ ನೌಕರರಿಗೆ ಕೆಲಸದ ವೇಳೆ ಮತ್ತು ಸ್ಥಳಗಳ ಮೇಲೆ ಹೆಚ್ಚಿನ ಸ್ವಾತಂತ್ರ್ಯವನ್ನು ಕೊಡಲಾಯಿತು. ಅವರ ಮೇಲಧಿಕಾರಿಗಳಿಗೆ ಸಹಾನುಭೂತಿಯಿಂದ ನಡೆದುಕೊಳ್ಳುವ ಶಿಕ್ಷಣವನ್ನೂ ಕೊಡಲಾಯಿತು. 2016ರಲ್ಲಿ ಫಿಲಿಸ್ ಮೋಯೆನ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಈ ತಂಡಗಳಲ್ಲಿ ಬಳಲಿಕೆಯೂ ಮನಸ್ಸಿನ ಒತ್ತಡವೂ ತಗ್ಗಿ, ಕೆಲಸದಲ್ಲಿ ತೃಪ್ತಿ ಹೆಚ್ಚಿತು. ಇಲ್ಲಿ ಬದಲಾದುದು ಮುಖ್ಯವಾಗಿ ನೌಕರನಲ್ಲ, ಅವನ ಕೆಲಸ.

ಸಲಹೆ ಸಲ್ಲುವ ಕಡೆ

ಇಷ್ಟರಿಂದ ಸಲಹೆಯೆಲ್ಲವೂ ವ್ಯರ್ಥವೆಂದು ತಿಳಿಯಬಾರದು. ಚೆನ್ನೈಯಲ್ಲಿ ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಮಂದಿಯ ಮೇಲೆ ಯಾದೃಚ್ಛಿಕ ಪ್ರಯೋಗವೊಂದನ್ನು ನಡೆಸಿ, 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆಹಾರ ಮತ್ತು ನಡಿಗೆಯ ವಿಷಯದಲ್ಲಿ ಪ್ರತಿಯೊಬ್ಬರಿಗೂ ಸಲಹೆ ಕೊಟ್ಟು, ದೂರವಾಣಿಯಲ್ಲಿ ತಿಂಗಳು ತಿಂಗಳೂ ವಿಚಾರಿಸುತ್ತಿದ್ದರು. ಮೂರು ವರ್ಷಗಳಲ್ಲಿ, ವಿಶೇಷ ಸಲಹೆಯಿಲ್ಲದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂದರೆ, ಸಲಹೆ ಪಡೆದವರಲ್ಲಿ 39 ಮಂದಿಗೆ ಬಂದಿತು. ರೋಗದ ಭಯ ನಿಜವಾಗಿ ಇರುವವನಿಗೆ, ವರ್ಷಗಟ್ಟಲೆ ಬಿಡದೆ ದೊರೆಯುವ ಸಲಹೆ ಫಲಿಸುತ್ತದೆ. ಎಲ್ಲರನ್ನೂ ಒಂದೆಡೆ ಕೂಡಿಸಿ ಮಾಡುವ ಉಪದೇಶವನ್ನು ಇದರೊಡನೆ ಸಮವೆಂದು ಎಣಿಸಲಾಗದು.

ಈ ವಿಚಾರವು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ. ಬಹುಮಾನವಿಟ್ಟು ನಡೆಸುವ ಯೋಜನೆಗೆ ಮೊದಲೇ ಆರೋಗ್ಯವಂತರಾದವರು ಹೆಚ್ಚಾಗಿ ಸೇರುವುದಾದರೆ, ಬಹುಮಾನವನ್ನು ಒಯ್ಯುವವರೂ ಅವರೇ. ರಾತ್ರಿ ಪಾಳಿ ಮುಗಿಸಿ, ಎರಡು ಬಸ್ಸು ಬದಲಿಸಿ ಮನೆ ಸೇರುವ ಕಾವಲುಗಾರನು ಬೆಳಗಿನ ಯೋಗದ ತರಗತಿಗೆ ಬರಲಾರನು. ಬಾರದ ಅವನನ್ನು ಸೋಮಾರಿಯೆನ್ನುವುದೂ ಸುಲಭ. ಹೀಗೆ ನೆರವು ಬೇಕಾದವನ ಕೈಗೆ ನೆರವಿಗೆ ಬದಲು ನಿಂದೆ ದೊರೆಯುತ್ತದೆ.

ಆದಕಾರಣ ತಮ್ಮ ಕಚೇರಿಗೆ ಇಂಥ ಯೋಜನೆ ಬಂದಾಗ ವಾಚಕರು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾವು ಸೂಚಿಸುತ್ತೇವೆ. ಫಲವನ್ನು ಯಾರೊಡನೆ ಯಾರನ್ನು ಹೋಲಿಸಿ ಹೇಳುತ್ತಿದ್ದಾರೆ? ರೋಗದ ಅಪಾಯ ಹೆಚ್ಚಿರುವವರಿಗೆ ಇದು ತಲುಪುತ್ತದೆಯೇ? ದುಡಿಮೆಯ ವೇಳೆ, ವಿಶ್ರಾಂತಿ, ಕೆಲಸದ ಮೇಲಿನ ಹಿಡಿತ ಇವುಗಳಲ್ಲಿ ಏನಾದರೂ ಬದಲಾಗುತ್ತದೆಯೇ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಆ ಸಲಹೆಗಾರನನ್ನು ಆದರದಿಂದ ಬರಮಾಡಿಕೊಳ್ಳೋಣ. ಬಾರದಿದ್ದರೂ ನಡೆಯುವುದನ್ನೂ ಮಿತವಾಗಿ ಉಣ್ಣುವುದನ್ನೂ ಬಿಡಬೇಕಾಗಿಲ್ಲ. ಆದರೆ ಕೆಲಸದಿಂದ ಹುಟ್ಟಿದ ಬೇನೆಗೆ ಮದ್ದನ್ನು ಕೆಲಸದಲ್ಲಿಯೂ ಹುಡುಕಬೇಕೆಂಬುದನ್ನು ಮಾತ್ರ ಮರೆಯದಿರೋಣ.